ಪದ ಬೇಕು, ತುರ್ತು: ವೇಸ್ಟ್‌ಗೇಟ್ ಮತ್ತು ಟರ್ಬೊ ಲ್ಯಾಗ್

ಕುಂಬಳೆಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಎರಡು ಪದ ಬೇಕು. ನನ್ನ ತಮ್ಮ ಶಾರ್ಜಾದ ಗ್ಯಾರೇಜಿನಲ್ಲಿದ್ದಾನೆ. 1993ರಲ್ಲಿ ಬಂದ ಟೊಯೋಟಾ ಸುಪ್ರಾದಂಥ ಕಾರುಗಳ ಎರಡು ಟರ್ಬೊ ತೆಗೆದು, ಒಂದೇ ದೊಡ್ಡ ಟರ್ಬೊ ಕೂರಿಸುವ ಕೆಲಸ. ರಜೆಯಲ್ಲಿ ಬಂದವನು ಇಲ್ಲಿನ ಮೆಕ್ಯಾನಿಕ್ ಹುಡುಗರಿಗೆ ಒಂದು ಪಾಠ ಮಾಡುತ್ತಾನೆ. ಎಲ್ಲರೂ ಕನ್ನಡ ಮೀಡಿಯಂನಲ್ಲಿ ಓದಿದವರು. ಅವರಿಗೆ ಕೊಡುವ ಹಾಳೆಯನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ.

ಟರ್ಬೊ, ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ತರುವ ಪೈಪುಗಳು), ಇಂಟರ್‌ಕೂಲರ್ ಹಾಗೇ ಇಟ್ಟಿದ್ದೇನೆ. ತೊಡಕು ಎರಡು ಕಡೆ. ಒಂದು, ವೇಸ್ಟ್‌ಗೇಟ್. ಎಂಜಿನಿನ ಹೊಗೆ ಟರ್ಬೊದ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಆ ಬಲದಿಂದ ಟರ್ಬೊ ಎಂಜಿನಿಗೆ ಜಾಸ್ತಿ ಗಾಳಿ ಒತ್ತಿ ತುಂಬುತ್ತದೆ, ಆ ಒತ್ತಡವೇ ಬೂಸ್ಟ್. ಬೂಸ್ಟ್ ಮಿತಿ ಮುಟ್ಟಿದಾಗ ಒಂದು ವಾಲ್ವ್ ತೆರೆದು, ಜಾಸ್ತಿ ಹೊಗೆಯನ್ನು ಚಕ್ರಕ್ಕೆ ತಾಗದ ಹಾಗೆ ಪಕ್ಕದಿಂದ ಹೊರಗೆ ಬಿಡುತ್ತದೆ. "ತ್ಯಾಜ್ಯದ್ವಾರ" ಎಂದು ಬರೆದರೆ ಹುಡುಗರು ಬೇರೇನೋ ತಿಳಿದಾರು. ಎರಡು, ಲ್ಯಾಗ್. ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಬರುವವರೆಗೆ ಕಾಯಬೇಕಾದ ಹೊತ್ತು. ಒಂದೇ ದೊಡ್ಡ ಟರ್ಬೊ ಹಾಕಿದವರ ಮೊದಲ ದೂರು ಅದೇ.

ಮಡಕಶಿರಾದಿಂದ:

ವೇಸ್ಟ್‌ಗೇಟ್‌ಗೆ "ಕೋಡಿ". ಬೇರೆ ಹುಡುಕಬೇಡಿ. ಕೆರೆ ತುಂಬಿದಾಗ ಏರಿ ಒಡೆಯದ ಹಾಗೆ ನೀರು ಹೊರಗೆ ಹೋಗುವ ದಾರಿ. ನೀರಾವರಿಯವರ ಇಂಗ್ಲಿಷಿನಲ್ಲಿ ಅದು ವೇಸ್ಟ್ ವಿಯರ್. ವೇಸ್ಟ್‌ಗೇಟ್ ಎಂಬ ಮಾತೂ ಕಾರಿಗಿಂತ ಮೊದಲು ನೀರಿನ ಕಾಲುವೆಗೆ ಇದ್ದದ್ದೇ. ಅವರು ನೀರಿನಿಂದ ತೆಗೆದುಕೊಂಡರು, ನಾವೂ ನೀರಿನಿಂದಲೇ ತೆಗೆದುಕೊಳ್ಳೋಣ.

ಬದಿಯಡ್ಕದಿಂದ:

ಕೋಡಿ ಬೇಡ. ನಿಮ್ಮ ಬಯಲುಸೀಮೆಯ ಏರಿ, ಕೋಡಿ ಈ ಕಡೆ ಇಲ್ಲ. ಕರಾವಳಿಯಲ್ಲಿ ಕೋಡಿ ಎಂದರೆ ಹೊಳೆ ಕಡಲು ಸೇರುವ ಜಾಗ. ಕುಂದಾಪುರದ ಕೋಡಿ, ಕೋಡಿ ಬೆಂಗ್ರೆ ಕೇಳಿಲ್ವಾ? ಅದೂ ಅಲ್ಲದೆ ಈ ಹುಡುಗರು ದಿನವಿಡೀ ಮಲಯಾಳ ಕೇಳುವವರು. ಮಲಯಾಳದಲ್ಲಿ ಕೋಡಿ ನಮ್ಮ ಕೋಟಿ, ನೂರು ಲಕ್ಷ. ನಮ್ಮಲ್ಲಿ "ಕಿಂಡಿ" ಇದೆ. ಕಿಂಡಿ ಅಣೆಕಟ್ಟು ಎಲ್ಲರಿಗೂ ಗೊತ್ತು. ಹಲಗೆ ಹಾಕಿದರೆ ನೀರು ನಿಲ್ಲುತ್ತದೆ, ತೆಗೆದರೆ ಹೋಗುತ್ತದೆ.

ಮಡಕಶಿರಾದಿಂದ:

ಮಲಯಾಳದ ಕಿವಿಯೇ ಲೆಕ್ಕವಾದರೆ ಕಿಂಡಿಯೂ ಕೆಟ್ಟಿತು. ಅಲ್ಲಿ ಕಿಂಡಿ ಎಂದರೆ ಮೂತಿ ಇರುವ ನೀರಿನ ಪಾತ್ರೆ, ನಮ್ಮ ಗಿಂಡಿ. ಇನ್ನೊಂದು. ಕಿಂಡಿಯ ಹಲಗೆಯನ್ನು ಮನುಷ್ಯ ತೆಗೆಯಬೇಕು. ಕೋಡಿ ತನ್ನಷ್ಟಕ್ಕೆ ಹರಿಯುತ್ತದೆ. ವೇಸ್ಟ್‌ಗೇಟ್ ಕೂಡ ಯಾರನ್ನೂ ಕೇಳುವುದಿಲ್ಲ.

ಸೊಲ್ಲಾಪುರದಿಂದ:

ಇಬ್ಬರೂ ಬಾಲ ಹಿಡಿದಿದ್ದೀರಿ. ಟರ್ಬೊವನ್ನೇ ಯಾಕೆ ಬಿಟ್ಟಿರಿ? ಲ್ಯಾಟಿನ್ನಿನಲ್ಲಿ ಟರ್ಬೊ ಎಂದರೆ ಬುಗುರಿ, ಸುಳಿಗಾಳಿ. ನಮ್ಮಲ್ಲಿ ತಿರುಗು ಇದೆ, ತಿರುವು ಇದೆ, ಊದು ಇದೆ. "ತಿರುಗೂದುಗ" ಎನ್ನಿ. ಮೊದಲ ಸಲ ಕಿವಿಗೆ ಒರಟು ಅನ್ನಿಸುತ್ತದೆ, ಆಮೇಲೆ ಒಗ್ಗುತ್ತದೆ. ಯಂತ್ರದ ಹೆಸರನ್ನೆಲ್ಲ ಹೊರಗಿನಿಂದಲೇ ತಂದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಬದಿಯಡ್ಕದಿಂದ:

ಆಗದು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹುಡುಗ ಏನೆಂದು ಕೇಳಬೇಕು? ಚಾವಿ, ಮೇಜು, ಬಟಾಟೆ ಮೂರೂ ಪೋರ್ಚುಗೀಸರಿಂದ ಬಂದವು. ಯಾವುದೂ ಕನ್ನಡವನ್ನು ಕೊಂದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡಕ್ಕೆ ಬಂದ ಕಷ್ಟ ಎರವಲು ಪದಗಳಿಂದಲ್ಲ. ಓದಲು ಬೇಕಾದ ಕಾಗದ ಕನ್ನಡದಲ್ಲಿ ಸಿಗದೆ ಹೋದದ್ದರಿಂದ. ಈ ಅಣ್ಣ ಅಂಥ ಒಂದು ಕಾಗದ ಮಾಡುತ್ತಿದ್ದಾರೆ, ಮಾಡಲು ಬಿಡಿ.

ಸೊಲ್ಲಾಪುರದಿಂದ:

ಮೇಜಿಗೆ ಮುನ್ನೂರು, ನಾನ್ನೂರು ವರ್ಷ ಸಿಕ್ಕಿತು, ಜನರ ಬಾಯಲ್ಲಿ ತಿದ್ದಿಕೊಂಡು ಕನ್ನಡವಾಯಿತು. ಇವತ್ತಿನ ಪದ ಹಾಗೆ ಬರುತ್ತಿಲ್ಲ. ಒಂದೇ ದಿನ ಐವತ್ತು ಬರುತ್ತವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಂಜೇಶ್ವರದಿಂದ:

ಲ್ಯಾಗ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. "ತಡ" ಸಾಕು. ಆದರೆ ಗ್ಯಾರೇಜಿನವರು ಎರಡು ಬೇರೆ ಸಂಗತಿಗೆ ಒಂದೇ ಪದ ಹೇಳುತ್ತಾರೆ. ಅದು ಹಾಳೆಯಲ್ಲಿ ಬರಬಾರದು. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕಡಿಮೆ ಇದ್ದಾಗ ದೊಡ್ಡ ಚಕ್ರ ತಿರುಗಿಸುವಷ್ಟು ಹೊಗೆಯೇ ಹುಟ್ಟುವುದಿಲ್ಲ. ಅಲ್ಲಿ ಎಷ್ಟು ಹೊತ್ತು ಕಾದರೂ ಬೂಸ್ಟ್ ಪೂರ್ತಿ ಬಾರದು. ಅದು ತಡ ಅಲ್ಲ. ಅದನ್ನು "ಬೂಸ್ಟ್ ಹಿಡಿಯುವ ಆರ್‌ಪಿಎಂ" ಎಂದು ಬಿಡಿಸಿ ಬರೆಯಿರಿ. ಆರ್‌ಪಿಎಂ ಸಾಕಷ್ಟು ಇದ್ದು, ಕಾಲು ಎತ್ತಿ ಮತ್ತೆ ಒತ್ತಿದಾಗ ಚಕ್ರ ವೇಗ ಹಿಡಿಯಲು ಬೇಕಾದ ಹೊತ್ತೇ ತಡ. ಸುಪ್ರಾದಲ್ಲಿ ಕೆಳಗಿನ ಆರ್‌ಪಿಎಂನಲ್ಲಿ ಒಂದು ಚಿಕ್ಕ ಟರ್ಬೊ ಸಾಕು, ಸುಮಾರು 4000ಕ್ಕೆ ಎರಡನೆಯದೂ ಪೂರ್ತಿ ಸೇರುತ್ತದೆ. ಎರಡನ್ನೂ ತೆಗೆದು ದೊಡ್ಡದು ಇಟ್ಟರೆ ಮೊದಲು ಕೆಡುವುದು ಬೂಸ್ಟ್ ಹಿಡಿಯುವ ಜಾಗ. ಹುಡುಗನಿಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಟ್ಯೂನ್ ಮಾಡಿ ಸರಿಯಾಗದ್ದನ್ನು ಟ್ಯೂನ್ ಮಾಡುತ್ತಲೇ ಇರುತ್ತಾನೆ.

ಕುಂಬಳೆಯಿಂದ:

ಮಂಜೇಶ್ವರದ ಮಾಸ್ಟ್ರೇ, ತುಂಬಾ ಉಪಕಾರವಾಯಿತು. ಎರಡನ್ನೂ ಬೇರೆ ಬೇರೆ ಬರೆಯುತ್ತೇನೆ.

ಕೋಡಿಯೋ ಕಿಂಡಿಯೋ ಎಂದು ತಮ್ಮನನ್ನು ಕೇಳಿದೆ. ಅವನಿಗೆ ಪದದ ಮೂಲ ಬೇಡ, ಕೆಲಸ ಹೇಗೆ ಎಂದು ಹೇಳಿದ. ವಾಲ್ವನ್ನು ಒಂದು ಸ್ಪ್ರಿಂಗ್ ಮುಚ್ಚಿ ಹಿಡಿದಿರುತ್ತದೆ. ಬೂಸ್ಟ್ ಒತ್ತಡ ಸ್ಪ್ರಿಂಗನ್ನು ಮೀರಿದಾಗ ತೆರೆಯುತ್ತದೆ, ಇಳಿದಾಗ ಮತ್ತೆ ಮುಚ್ಚುತ್ತದೆ. ತನ್ನಷ್ಟಕ್ಕೆ ಆಗುತ್ತದೆ ಎಂಬುದು ಕೋಡಿಯ ಕಡೆಗಿದೆ. ಮುಚ್ಚುತ್ತದೆ ಎಂಬುದು ಕಿಂಡಿಯ ಕಡೆಗಿದೆ. ಸಿಂಗಲ್ ಟರ್ಬೊ ಕೆಲಸದಲ್ಲಿ ಜನ ಸೋಲುವುದು ಈ ವಾಲ್ವಿನ ಅಳತೆ ಮತ್ತು ಜಾಗದಲ್ಲಿ ಅಂತೆ. ಚಿಕ್ಕದಾದರೆ, ಅಥವಾ ಹೊಗೆ ನೇರ ಬರದ ಮೂಲೆಯಲ್ಲಿ ಬೆಸುಗೆ ಹಾಕಿದರೆ, ಪೂರ್ತಿ ತೆರೆದರೂ ಬೂಸ್ಟ್ ಏರುತ್ತಲೇ ಹೋಗುತ್ತದೆ. ಅಷ್ಟು ಗಾಳಿಗೆ ಪೆಟ್ರೋಲ್ ಸಾಲದೆ ಪಿಸ್ಟನ್ ಹೋಗುತ್ತದೆ. ಆರು ಸಿಲಿಂಡರಿನ ಈ ಎಂಜಿನಿನಲ್ಲಿ ಸಿಲಿಂಡರುಗಳು ಉರಿಯುವ ಸರದಿ 1-5-3-6-2-4. ಒಂದು ಬಿಟ್ಟು ಒಂದರಂತೆ ಎರಡು ಕಡೆಗೂ ಸರದಿ ಬರಲೆಂದು 1, 2, 3ರ ಹೊಗೆ ಒಂದು ಕಡೆ, 4, 5, 6ರದ್ದು ಇನ್ನೊಂದು ಕಡೆ ಇಟ್ಟು ಮ್ಯಾನಿಫೋಲ್ಡ್ ಮಾಡುತ್ತಾರೆ. ಆಗ ಎಷ್ಟೋ ಸಲ ಎರಡು ಕಡೆಗೂ ಒಂದೊಂದು ವೇಸ್ಟ್‌ಗೇಟ್ ಬೇಕಾಗುತ್ತದೆ. "ಎರಡು ಕೋಡಿ" ಎಂದು ಓದಿದ ಹುಡುಗ ಇಲ್ಲಿ ಖಂಡಿತ ದುಡ್ಡಿನ ಲೆಕ್ಕ ಎಂದುಕೊಳ್ಳುತ್ತಾನೆ. ಆದ್ದರಿಂದ "ಬಿಡುಕಿಂಡಿ". ಮೊದಲ ಸಲ ಪಕ್ಕದಲ್ಲಿ ವೇಸ್ಟ್‌ಗೇಟ್ ಎಂದೂ ಇರುತ್ತದೆ, ಅಂಗಡಿಯಲ್ಲಿ ಕೇಳಲು. ಸೊಲ್ಲಾಪುರದ ಅಣ್ಣನವರಲ್ಲಿ ಕ್ಷಮೆ ಇರಲಿ, ಟರ್ಬೊ ಟರ್ಬೊ ಆಗಿಯೇ ಇರುತ್ತದೆ.

ಮಡಕಶಿರಾದಿಂದ:

ಒಪ್ಪುವುದಿಲ್ಲ. ಅನಂತಪುರದ ಕಡೆಗೆ ಈ ಹಾಳೆ ಬಂದರೆ ಕೋಡಿ ಎಂದು ತಿದ್ದಿಯೇ ಹಂಚುತ್ತೇನೆ.

ಕುಂಬಳೆಯಿಂದ:

ತಿದ್ದಿ ಹಂಚಿ, ಸಂತೋಷ. ಫೈಲ್ ನಾಳೆ ಸಂಜೆ ಇಲ್ಲೇ ಹಾಕುತ್ತೇನೆ. ಟರ್ಬೊದಿಂದ ಎಂಜಿನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಆಯಿಲ್ ಇಳಿಯುವ ಪೈಪಿಗೆ ಸದ್ಯಕ್ಕೆ "ಆಯಿಲ್ ಇಳಿಪೈಪು" ಎಂದು ಬರೆದಿದ್ದೇನೆ. ಅದು ಎಲ್ಲೂ ಮೇಲಕ್ಕೆ ಬಾಗಬಾರದು, ಇಳಿಜಾರಾಗಿಯೇ ಇರಬೇಕು, ಹಾಗಾಗಿ ಇಳಿ ಎಂಬುದು ಹೆಸರಲ್ಲೇ ಇರಲಿ ಅಂತ. ಬೇರೆ ಸಲಹೆ ಇದ್ದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ.