ಅಪ್‌ಡೇಟ್: ಮೇಲೆ ಕೋಣೆ, ಕೆಳಗೆ ಅಂಗಡಿ – ಪರವಾನಗಿ ಬೇಕೇ?

ಬೆಂಗಳೂರಿನ 30×40 ಸೈಟಿನ ಮನೆಯ ಮೇಲೆ ಕೋಣೆ ಕಟ್ಟಿ, ಕೆಳಗಿನ ಮುಂದಿನ ರೂಮನ್ನು ಅಂಗಡಿ ಮಾಡಲು ಪರವಾನಗಿ ಬೇಕೇ ಎಂದು ಕೇಳಿದ್ದೆ. ಎರಡಕ್ಕೂ ಬೇಕು. ಒಂದು ಇಟ್ಟಿಗೆ ಅಲುಗದಿದ್ದರೂ ವಾಸದ ಜಾಗದಲ್ಲಿ ವ್ಯಾಪಾರ ಎಂದರೆ ಬಳಕೆಯೇ ಬದಲಾದಂತೆ.

ಸುಣ್ಣಬಣ್ಣ, ಗಾರೆ, ನೆಲದ ಟೈಲ್ಸ್, ಒಳಗಿನ ಪಾರ್ಟಿಷನ್‌ಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪರವಾನಗಿ ಕೇಳುವುದಿಲ್ಲ. ಭಾರ ಹೊತ್ತ ಗೋಡೆ ಒಡೆಯುವುದನ್ನು ಮಾತ್ರ ದಯವಿಟ್ಟು ‘ಸಣ್ಣ ರಿಪೇರಿ’ ಎನ್ನಬೇಡಿ.

ಮೊದಲು ನೋಡಬೇಕಾದದ್ದು ಪಾಯ. ನೆಲಮಹಡಿಗಷ್ಟೇ ಲೆಕ್ಕ ಹಾಕಿದ ಪಿಲ್ಲರು ಮೇಲಂತಸ್ತು ಹೊರುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷಿಸಿ ಸಹಿ ಹಾಕಲಿ. ಆಮೇಲೆ ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಸೈಟಿನ ಗಡಿಯವರೆಗೆ ಖಾಲಿ ಬಿಡಬೇಕಾದ ಜಾಗ: ಹೊರಮೆಟ್ಟಿಲು ಅದರೊಳಗೆ ಚಾಚಿದರೆ ನಕ್ಷೆ ವಾಪಸ್ ಬರುವ ಸಾಧ್ಯತೆ ಹೆಚ್ಚು. ಹಳೆಯ ಮಂಜೂರಾದ ನಕ್ಷೆ, ಖಾತಾ, ತೆರಿಗೆ ರಸೀದಿ ಒಟ್ಟಿಗಿರಲಿ.