ಎಫ್‌ಐಆರ್ ಆಗಿದೆ, ಅಣ್ಣನನ್ನು ಅರೆಸ್ಟ್ ಮಾಡ್ತಾರಾ? ಅನುಭವ ಇದ್ದವರು ಹೇಳಿ

ಕೇಳಿದವರು, ಅಂಧೇರಿ: ಅಣ್ಣ ಪಾಲುದಾರಿಕೆಯಲ್ಲಿ ಕೇಟರಿಂಗ್ ಮಾಡುತ್ತಿದ್ದ. ಲೆಕ್ಕದಲ್ಲಿ ಜಗಳ ಆಗಿ, ಪಾಲುದಾರ ಅಣ್ಣ ಅತ್ತಿಗೆ ಇಬ್ಬರ ಮೇಲೂ ಕಂಪ್ಲೇಂಟ್ ಕೊಟ್ಟಿದ್ದಾನೆ. ಮೋಸದ ಕೇಸು, ಭಾರತೀಯ ನ್ಯಾಯ ಸಂಹಿತೆ 318(4). ಸ್ಟೇಷನ್‌ನಿಂದ ಫೋನ್ ಬಂದಿದೆ, ಬಂದು ಹೋಗಿ ಅಂತ. ಅಮ್ಮ ಹೆದರಿ, ಇಬ್ಬರೂ ಸ್ವಲ್ಪ ದಿನ ಕುಂದಾಪುರದಲ್ಲಿ ಇದ್ದು ಬರಲಿ ಅನ್ನುತ್ತಿದ್ದಾರೆ. ಏನು ಮಾಡೋಣ?

ಮುಲುಂಡ್‌ನಿಂದ: ಊರಿಗೆ ಮಾತ್ರ ಕಳಿಸಬೇಡಿ ಮಾರಾಯ್ರೆ. ಎಫ್‌ಐಆರ್ ಆಯಿತು ಅಂದ ಕೂಡಲೇ ಹಿಡಿದು ಒಳಗೆ ಹಾಕಬೇಕು ಅಂತ ಕಾನೂನಿನಲ್ಲಿ ಇಲ್ಲ. 318(4)ಕ್ಕೆ ಗರಿಷ್ಠ 7 ವರ್ಷ ಶಿಕ್ಷೆ. 7 ವರ್ಷದವರೆಗಿನ ಕೇಸುಗಳಲ್ಲಿ ಅರೆಸ್ಟ್ ಯಾಕೆ ಬೇಕು ಎಂದು ಪೊಲೀಸರು ಕಾರಣ ಬರೆದಿಡಬೇಕು. ಸಾಕ್ಷಿ ಹಾಳು ಮಾಡುತ್ತಾನೆ, ಸಾಕ್ಷಿದಾರರನ್ನು ಹೆದರಿಸುತ್ತಾನೆ, ಕೋರ್ಟಿಗೆ ಸಿಗದೆ ಹೋಗುತ್ತಾನೆ, ಇಂಥವು. ಬೇಡ ಅನಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ಹಳೆಯ ಕಾನೂನಿನಲ್ಲಿ ಇದೇ 41ಎ. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಈಗ ನೀವು ಊರಿಗೆ ಓಡಿದರೆ, ಇಲ್ಲದ ಕಾರಣವನ್ನು ನೀವೇ ಅವರ ಕೈಗೆ ಕೊಟ್ಟ ಹಾಗೆ ಅಲ್ವಾ?

ಥಾಣೆ ನಗರದಿಂದ: ನನ್ನ ಮೇಲೆ ಇಂಥದ್ದೇ ಕೇಸಿತ್ತು. ನೋಟಿಸ್ ಬಂತು, ಹೇಳಿದ ದಿನ ಹೋದೆ, ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ಲು ಎಲ್ಲ ಜೆರಾಕ್ಸ್ ಮಾಡಿ ಕೊಟ್ಟು ಪೋಚ್ (ಸ್ವೀಕೃತಿ ರಸೀದಿ) ತೆಗೆದುಕೊಂಡೆ. ಜಬಾಬು, ಅಂದರೆ ನನ್ನ ಹೇಳಿಕೆ, ಮರಾಠಿಯಲ್ಲಿ ಬರೆದರು. ಓದಿ ಹೇಳಿ ಅಂದೆ, ಹೇಳಿದರು. ಪೊಲೀಸರ ಮುಂದಿನ ಜಬಾಬಿಗೆ ಸಹಿ ಬೇಕಿಲ್ಲ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕಾಯಿಸಿದ್ದೇ ಜಾಸ್ತಿ, ಬೇರೇನೂ ಆಗಲಿಲ್ಲ. ನೋಟಿಸ್‌ನಂತೆ ನಡೆದುಕೊಂಡರೆ, ಕಾರಣ ಬರೆಯದೆ ಅರೆಸ್ಟ್ ಮಾಡುವಂತಿಲ್ಲ. ಹೋಗದೇ ಇದ್ದರೆ ಮಾಡಬಹುದು. ಫೋನ್ ಕರೆ ನೋಟಿಸ್ ಅಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದರೂ ನಡೆಯದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಅದನ್ನೇ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಕಾಗದದಲ್ಲಿ ಕೊಡಿ ಸಾಹೇಬ್ರೇ, ಬರುತ್ತೇವೆ ಅನ್ನಿ, ಸಾಕು.

ದಾದರ್‌ನಿಂದ, ವಕೀಲ: ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ 318(4) ಜಾಮೀನು ರಹಿತ ಅಪರಾಧ, ಪೂರ್ತಿ ನಿರಾಳ ಆಗಬೇಡಿ. ಮೊತ್ತ ದೊಡ್ಡದಿದ್ದರೆ, ಪಾಲುದಾರ ಒತ್ತಡ ಹಾಕಿಸುತ್ತಿದ್ದರೆ, ಸ್ಟೇಷನ್‌ಗೆ ಹೋಗುವ ಮುಂಚೆಯೇ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 482ರ ನಿರೀಕ್ಷಣಾ ಜಾಮೀನಿಗೆ (ಅರೆಸ್ಟ್‌ಗೆ ಮುಂಚೆಯೇ ಪಡೆಯುವ ಜಾಮೀನು) ಹಾಕಿ. ಅಂಧೇರಿ ಅಂದರೆ ದಿಂಡೋಶಿ ಸೆಷನ್ಸ್ ಕೋರ್ಟ್. ತೀರ್ಮಾನ ಆಗುವವರೆಗೆ ಮಧ್ಯಂತರ ರಕ್ಷಣೆ ಕೇಳಬಹುದು. ನೋಟಿಸ್ ಕೈಯಲ್ಲಿದ್ದು ಕೇಸು ಸಣ್ಣದಾದರೆ ಈ ಖರ್ಚು ಸುಮ್ನೆ. ಎಲ್ಲರಿಗೂ ಇದನ್ನೇ ಹಾಕಿಸುವ ವಕೀಲರೂ ಇದ್ದಾರೆ, ನಮ್ಮವರೇ.

ಡೊಂಬಿವಲಿಯಿಂದ: ಅತ್ತಿಗೆ ವಿಷಯಕ್ಕೆ ಒಂದು ಮಾತು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಅರೆಸ್ಟ್ ಮಾಡುವಂತಿಲ್ಲ. ತೀರಾ ಅಸಾಧಾರಣ ಸಂದರ್ಭ ಇದ್ದರೂ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ತರಬೇಕು. ನಮ್ಮ ಅಕ್ಕನ ಮನೆಗೆ ರಾತ್ರಿ ಬಂದಿದ್ದವರು ಇದನ್ನು ಕೇಳಿದ ಮೇಲೆ ಬೆಳಿಗ್ಗೆ ಬನ್ನಿ ಎಂದು ಹೊರಟರು.

ಮುಲುಂಡ್‌ನಿಂದ, ಮತ್ತೆ: ಒಂದು ವೇಳೆ ಅರೆಸ್ಟ್ ಆದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಪ್ರಯಾಣದ ಹೊತ್ತು ಬಿಟ್ಟು. ಮನೆಯವರಿಗೆ ತಿಳಿಸಬೇಕು. ಮುಂಬೈನದೇ ಒಂದು ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬಂಧನದ ಕಾರಣವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದು ಕೊಡಬೇಕು ಎಂದಿತು. ಮರಾಠಿ ಬಾರದ ನಮ್ಮವರಿಗೆ ಇದು ದೊಡ್ಡ ಆಸರೆ.

ಪುಣೆಯಿಂದ: ಮೊದಲು ಅದು ಎಫ್‌ಐಆರ್ ಹೌದೋ, ಬರೀ ಎನ್‌ಸಿಯೋ (ಅಸಂಜ್ಞೇಯ, ಅಂದರೆ ಸಣ್ಣ ಅಪರಾಧದ ದೂರಿನ ದಾಖಲೆ) ನೋಡಿ. ಎನ್‌ಸಿ ಆದರೆ ಕೋರ್ಟ್ ಆದೇಶ ಇಲ್ಲದೆ ತನಿಖೆಯೂ ಇಲ್ಲ, ವಾರಂಟ್ ಇಲ್ಲದೆ ಅರೆಸ್ಟೂ ಇಲ್ಲ. ಮಹಾರಾಷ್ಟ್ರ ಪೊಲೀಸರ ವೆಬ್‌ಸೈಟ್‌ನಲ್ಲಿ ಎಫ್‌ಐಆರ್ ಪ್ರತಿ ಇಳಿಸಿಕೊಳ್ಳಬಹುದು. "ಸೆಟಲ್ ಮಾಡಿಸಿ ಕೊಡ್ತೀನಿ" ಎಂದು ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸಿ, ದುಡ್ಡು ಕೊಡಬೇಡಿ.

ಕೇಳಿದವರು: ಪ್ರತಿ ಸಿಕ್ಕಿತು, ಎಫ್‌ಐಆರೇ. 318(4) ಒಂದೇ ಇದೆ. ನೋಟಿಸ್ ಕಾಗದದಲ್ಲಿ ಕೊಡಿ ಎಂದು ಅಣ್ಣ ಕೇಳಿದ್ದಾನೆ. ದಾದರ್ ಸರ್, ನಾಳೆ ನಿಮಗೆ ಫೋನ್ ಮಾಡಬಹುದಾ?