ಸಹಾಯ ಬೇಕು: ಬುಡಮೇಲಾದ ಮರವನ್ನು ಸೌದೆಗೆ ಕೊಯ್ಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಸ್ವಂತ ಜಮೀನಿನ ಮರಗಳ ನಡುವೆ ಗಾಳಿಗೆ ಬುಡಮೇಲಾದ ದೊಡ್ಡ ಮರವೊಂದಿದ್ದು, ಅದರ ಒಂದು ತುದಿ ಎದ್ದ ಬೇರಿನ ಮೇಲೂ ಇನ್ನೊಂದು ದಿಣ್ಣೆಯ ಮೇಲೂ ಆನಿಕೊಂಡು, ನಡುಭಾಗ ನೆಲಕ್ಕೆ ತಾಗದೆ ನಿಂತಿದೆ. ಇಂಥ ಕಾಂಡವನ್ನು ಮೇಲಿನಿಂದಲೇ ಕೊಯ್ದರೆ ಸೀಳು ಮುಚ್ಚಿಕೊಳ್ಳುತ್ತದೆ ಎಂಬುದನ್ನು, ಚೈನ್ ಸಾ ಅರ್ಧಕ್ಕೆ ಸಿಕ್ಕಿಕೊಂಡ ಮೇಲೆಯೇ ಕಲಿತೆ. ಮೇಲೆ ಸ್ವಲ್ಪ ಕೊಯ್ದು ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕೆಂದು ಈಗ ತಿಳಿದಿದೆಯಾದರೂ, ಬೇರಿನ ಬುಡವು ಮಣ್ಣುಸಮೇತ ಎದ್ದಿರುವುದರಿಂದ, ಕಾಂಡದ ಭಾರ ತಪ್ಪಿದೊಡನೆ ಅದು ಹಿಂದಕ್ಕೆ ಮಗುಚಬಹುದೆಂಬ ಭಯವಿದೆ.

ಪಕ್ಕದಲ್ಲಿ ಒಣಗಿ ನಿಂತ ಇನ್ನೊಂದು ಮರದ ತೊಗಟೆ ಕೈಯಲ್ಲೇ ಕಳಚಿ ಬರುತ್ತದೆ, ಬಡಿದರೆ ಟೊಳ್ಳು ಸದ್ದು. ಅದನ್ನು ಮರಕುಟಿಗಗಳಿಗೇ ಬಿಟ್ಟಿದ್ದೇನೆ. ಬಿದ್ದ ಮರದ ಬುಡವನ್ನು ಹೇಗೆ ಭದ್ರಪಡಿಸಿ, ಯಾವ ತುದಿಯಿಂದ ಕೊಯ್ಯಲು ಆರಂಭಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.